ಗೋಡೆಯ ಮೇಲಿನ ಕೈ

ಮರಾಠಿ ಸೀಮೆಯ ನಿಫಾಡಿನ ದ್ರಾಕ್ಷಿ ತೋಟವೊಂದರ ಹಿಂದೆ, ಪಂಪಿನ ಮನೆಗೆ ಆತುಕೊಂಡ ಒಂದೇ ಕೋಣೆಯಲ್ಲಿ ದಾನಮ್ಮ ಮತ್ತು ಅವಳ ಗಂಡ ಧರ್ಮಣ್ಣ ಇರುತ್ತಾರೆ. ತೋಟ ಮಾಲೀಕರದು, ಹಿತ್ತಿಲಿನ ನಾಲ್ಕು ಮಡಿ ಮಾತ್ರ ದಾನಮ್ಮನವು. ಯಾರೂ ಬರೆದುಕೊಟ್ಟಿಲ್ಲ. ಆದರೂ ಮಾಲೀಕರೇ ಬಂದರೂ ಅವಳನ್ನು ಕೇಳದೆ ಒಂದು ಮೆಣಸಿನಕಾಯಿ ಹರಿಯುವ ಹಾಗಿಲ್ಲ. ಇಂಡಿ ಕಡೆಯಿಂದ ಕೂಲಿಗೆ ಬರುವಾಗ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬಂದ ಹೆಂಗಸು ಅವಳು. ದ್ರಾಕ್ಷಿಗೆ ನೀರು ಬಿಡುವ ಪೈಪು ಹಿತ್ತಿಲಿನ ಹತ್ತಿರವೇ ಸೋರುತ್ತದೆ. ತಾನಾಗಿ ಸೋರುತ್ತದೋ ದಾನಮ್ಮ ಸೋರಿಸಿದ್ದೋ, ಕೇಳಲು ಹೋಗಬಾರದು. ಆ ನೀರಿನಲ್ಲೇ ಬದನೆ, ಹೀರೆ, ಪುಂಡಿಪಲ್ಲೆ ನಳನಳಿಸುತ್ತವೆ. ಅದೇ ಪುಂಡಿಯನ್ನು ಪಕ್ಕದ ಮರಾಠಿ ಹೆಂಗಸರು ಅಂಬಾಡಿ ಎಂದು ಕರೆದು ಬೇಡಿಕೊಂಡು ಹೋಗುತ್ತಾರೆ.

ಇಷ್ಟೆಲ್ಲ ಇದ್ದೂ ನಾಲ್ಕು ವರ್ಷ ಆ ಹಿತ್ತಿಲಿನಲ್ಲಿ ಸವತೆ ಬಳ್ಳಿ ಏಳಲಿಲ್ಲ.

ಬೀಜ ಇರಲಿಲ್ಲವೆಂದಲ್ಲ. ಪಂಪಿನ ಮನೆಯ ಗೋಡೆಯ ಮೇಲಿತ್ತು. ಅವರ ಕಡೆ ಬೀಜ ಉಳಿಸುವುದೇ ಹಾಗೆ. ಬೀಜಕ್ಕೆಂದು ಬಿಟ್ಟ ಕಾಯಿ ಹಣ್ಣಾದ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಕಲಸಿ ಕುಳ್ಳಿನಂತೆ ಗೋಡೆಗೆ ಬಡಿದುಬಿಡುತ್ತಾರೆ. ಹುಳ ಮುಟ್ಟುವುದಿಲ್ಲ. ಬಿತ್ತುವ ಹೊತ್ತಿಗೆ ಕಿತ್ತು ಪುಡಿ ಮಾಡಿದರಾಯಿತು. ನಾಲ್ಕು ವರ್ಷದ ಹಿಂದೆ ಹಾಗೆ ಬಡಿದವಳು ಮಗಳು ಪೂಜಿತಾ. ಹನ್ನೊಂದರ ಹುಡುಗಿ, ಶಾಲೆಯ ಮರಾಠಿಯೇ ಅವಳ ನಾಲಿಗೆಗೆ ಹತ್ತಿರ. ಸಗಣಿ ಎಂದರೆ ಮೂಗು ಮುರಿಯುವವಳಿಗೆ ಅಂದು ಅದೇನು ಹುಮ್ಮಸ್ಸೋ! ಪಟ್ ಪಟ್ ಎಂದು ತಟ್ಟಿ, ಕೊನೆಗೆ ಅಂಗೈ ಊರಿ ಗುರುತು ಮೂಡಿಸಿ, "ಅವ್ವಾ, ಬಘ್, ನೋಡ, ನನ್ನ ಕೈ!" ಎಂದು ಕುಣಿದಿದ್ದಳು.

ಮಳೆಗಾಲ ಮುಗಿಯುವ ಮೊದಲೇ ಡೆಂಗಿ ಜ್ವರ ಬಂದು ಹುಡುಗಿ ಹೋದಳು. ಊರಿಗೆ ಒಯ್ಯಲಾಗದೆ ಇಲ್ಲೇ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ದಾನಮ್ಮನ ಮುಷ್ಟಿಗೂ ಮಣ್ಣು ತುಂಬಿದರು, ಅವಳು ಹಾಕಲಿಲ್ಲ. ಹೆತ್ತವಳು ಹೇಗೆ ಹಾಕಿಯಾಳು? ಬಿಗಿದ ಮುಷ್ಟಿಯಲ್ಲೇ ಅವಳನ್ನು ಮನೆಗೆ ನಡೆಸಿಕೊಂಡು ಬಂದರು.

ಆಮೇಲೆ ಶುರುವಾಯಿತು ಆ ಸಪ್ಪಳ. ಮಟಮಟ ಮಧ್ಯಾಹ್ನ, ತೋಟದಲ್ಲಿ ಕತ್ತರಿಯ ಸದ್ದು ಕೂಡ ನಿಂತು ಎಲ್ಲರೂ ನೆರಳಿಗೆ ಸರಿದಾಗ, ಹಿತ್ತಿಲಿನಲ್ಲಿ ಯಾರೋ ಸಗಣಿ ತಟ್ಟಿದ ಹಾಗೆ. ಪಟ್. ಪಟ್. ದಾನಮ್ಮ ಎದ್ದು ಓಡುವಳು. ಯಾರೂ ಇರುತ್ತಿರಲಿಲ್ಲ. ತಗಡಿನ ನೆರಳಿನಲ್ಲಿ ಆ ಕೈ ಒಣಗಿಕೊಂಡು ಗೋಡೆಗೆ ಅಂಟಿರುತ್ತಿತ್ತು, ಅಷ್ಟೆ.

"ನಿಮಗ ಕೇಳಸೂದಿಲ್ಲೇನ್ರಿ?"

"ಏನೂ ಇಲ್ಲ. ಬಿಸಲಿಗಿ ತಗಡ ಹಿಗ್ಗತೈತಿ. ಮಲಕೋ," ಎಂದು ಧರ್ಮಣ್ಣ ಆಚೆ ಮಗ್ಗುಲಾಗುತ್ತಿದ್ದ.

ಬಿತ್ತುವ ಹೊತ್ತು ಬಂತೆಂದರೆ ಅವನದು ಒಂದೇ ಮಾತು. "ಊರಾಗೂ ಈ ಬೀಜ ಯಾರ ಕಡೆ ಉಳದಿಲ್ಲ. ಹಿಂಗ ಇಟ್ಟರ ಸಾಯ್ತಾವ. ಈ ಸಲರ ಒಡಿ."

"ಒಡದ ಮ್ಯಾಲ ಆ ಕೈ ಎಲ್ಲಿಂದ ತರಲಿ?"

ಒಡೆದರೆ ಮಗಳ ಕೈ ಹೋಗುತ್ತದೆ, ಹಾಗೇ ಬಿಟ್ಟರೆ ಮಗಳು ಉಳಿಸಿದ ಬೀಜ ಹೋಗುತ್ತದೆ. ಇಂಥ ಇಕ್ಕಟ್ಟಿನಲ್ಲಿ ತಾಯಿಯನ್ನು ನಿಲ್ಲಿಸಿದ ದೇವರಿಗೆ ಏನೆನ್ನಬೇಕು? ಬೈಯಬೇಕು, ಮತ್ತೇನು.

ಈ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹಾಳು ಮಳೆ ಹಿಡಿಯಿತು. ಗಾಳಿ ಪಂಪಿನ ಮನೆಯ ತಗಡು ಕಿತ್ತೊಗೆಯಿತು. ಮಳೆ ಬಿಡುವವರೆಗೂ ಗಂಡ ಹೆಂಡತಿ ಮಾಲೀಕರ ಗೊನೆ ಉಳಿಸುವುದರಲ್ಲೇ ಬಿದ್ದಿದ್ದರು. ವಾರ ಕಳೆದು ಬಿಸಿಲು ಕಂಡ ಬೆಳಿಗ್ಗೆ ಹಿತ್ತಿಲಿಗೆ ಹೋದ ದಾನಮ್ಮ ಚೀರಿದಳು. ನೆನೆದ ಸಗಣಿ ಉಬ್ಬಿತ್ತು. ಬೆರಳುಗಳ ಸಂದಿಯಿಂದ, ಅಂಗೈಯ ನಡುವಿನಿಂದ ಹಸಿರು ಮೊಳಕೆ ಹೊರಬಂದು ಬೆಳಕಿನ ಕಡೆ ಬಾಗಿತ್ತು.

ಓಡಿ ಬಂದ ಧರ್ಮಣ್ಣ ಬಾಗಿ ಮೊಳಕೆ ನೋಡಿದ, ತಲೆ ಎತ್ತಿ ಬಿಸಿಲು ನೋಡಿದ. "ಬಿಸಲ ಏರಿದ್ರ ಸುಟ್ಟ ಹೋಗ್ತಾವ."

ದಾನಮ್ಮ ಅವನನ್ನು ನೋಡಲಿಲ್ಲ. "ಕುಣಿ ತಗೀರಿ," ಎಂದಳು.

ಅವನು ಖಾಲಿ ಮಡಿಯಲ್ಲಿ ಅಗೆದ. ಅವಳು ಕೆಳಗೆ ಮೊರ ಒಡ್ಡಿ, ಕುಡಗೋಲಿನ ಅಲಗನ್ನು ಹಿಂದಿನಿಂದ ತೂರಿಸಿ, ಮೆಲ್ಲಗೆ ಬಿಡಿಸಿದಳು. ಇಡಿಯಾಗಿಯೇ ಬಂತು. ಪುಡಿ ಮಾಡಲಿಲ್ಲ. ಅಂಗೈ ಮೇಲಾಗಿ ಕುಣಿಯಲ್ಲಿಟ್ಟು, ಮೊಳಕೆಗಳನ್ನು ತಪ್ಪಿಸಿ ಆ ಸಣ್ಣ ಬೆರಳುಗಳ ಗುರುತಿನಲ್ಲಿ ತನ್ನ ಬೆರಳಿಟ್ಟಳು. ತಣ್ಣಗಿತ್ತು. ಆಮೇಲೆ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಮುಷ್ಟಿ ಮತ್ತೆ ಬಿಗಿಯಿತು. ಧರ್ಮಣ್ಣ ಮುಖ ತಿರುಗಿಸಿದ. ಬಹಳ ಹೊತ್ತಿನ ಮೇಲೆ ಬೆರಳು ಸಡಿಲಾಗಿ ಮಣ್ಣು ಮೊಳಕೆಗಳ ಬುಡಕ್ಕೆ ಸುರಿಯಿತು. ಅಷ್ಟು ವರ್ಷ ತಡೆದ ಅಳು ಅಂದು ಬಂತು, ತೋಟದ ಆಚೆ ತುದಿಗೂ ಕೇಳಿತು.

ಮರುದಿನ ಮಧ್ಯಾಹ್ನ ಉಂಡು ಇಬ್ಬರೂ ಬಾಗಿಲಲ್ಲಿ ಕೂತಿದ್ದರು. ಕೆಲಸದವರು ನೆರಳಿಗೆ ಸರಿದಿದ್ದರು. ದಾನಮ್ಮ ಕಿವಿಗೊಟ್ಟು ಕಾದಳು. ಏನೂ ಕೇಳಲಿಲ್ಲ. ಇದನ್ನು ಗಂಡನಿಗೆ ಹೇಳಲೋ ಬೇಡವೋ, ಹೇಳಿದರೆ ಮತ್ತೆ ತಗಡಿನ ಮಾತು ತೆಗೆದಾನು ಎಂದು ಅವಳು ಹಿಂದುಮುಂದು ನೋಡುತ್ತಿದ್ದಳು.

ಆಗ ಧರ್ಮಣ್ಣನೇ ಹಿತ್ತಿಲಿನ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ ಕೇಳಿದ:

"ಇವತ್ತ ಯಾಕ ತಟ್ಟವಲ್ಲಳು ಅಕಿ?"