ಎಡಗೈಯಲ್ಲಿ ಪಿಸ್ತೂಲು

ಇಲ್ಲಿ ಎಡಚರು ಯಾರಾದರೂ ಇದ್ದರೆ ಕೈ ಎತ್ತಿ. ಯಾವ ಕೈಯಾದರೂ ಸರಿ.

ಇವತ್ತು ಜರ್ಮನಿಯ ಬೋಬ್ಲಿಂಗೆನ್‌ನ ಬಂದೂಕಿನ ಅಂಗಡಿಗೆ ಹೋಗಿದ್ದೆ. ನನ್ನ ಸ್ಪರ್ಧೆಯ ಪಿಸ್ತೂಲಿನಲ್ಲಿ ಗುಂಡು ಹಾರದಂತೆ ತಡೆಯುವ ಸೇಫ್ಟಿ ಲಿವರ್ ಬಲಗೈಯವರ ಹೆಬ್ಬೆರಳಿಗೆ ಮಾತ್ರ ಸಿಗುತ್ತದೆ. ನಾನೋ ಎಡಚಿ. ಆದರೆ ಮುಂದಿನ ಭಾನುವಾರದ ಮ್ಯಾಚಿನಲ್ಲಿ ಬಲಗೈಯಲ್ಲೂ ಒಂದಿಷ್ಟು ಗುಂಡು ಹೊಡೆಯಬೇಕು. ಹಾಗಾಗಿ ಎರಡೂ ಬದಿಗೆ ಲಿವರ್ ಬೇಕು. ಲಿವರಿನಲ್ಲಿ ಎರಡು ಬಗೆ: ಅಗಲದ್ದು ಹೆಬ್ಬೆರಳಿಗೆ ಥಟ್ಟನೆ ಸಿಗುತ್ತದೆ, ಆದರೆ ಆಚೆ ಬದಿಯಲ್ಲಿದ್ದರೆ ತೋರುಬೆರಳಿನ ಬುಡಕ್ಕೆ ಚುಚ್ಚುತ್ತದೆ. ಸಣ್ಣದು ಚುಚ್ಚುವುದಿಲ್ಲ, ಸಿಗುವುದೂ ಇಲ್ಲ.

ಅಂಗಡಿಯ ಅಜ್ಜ ಒಂದು ಖಾಲಿ ಪಿಸ್ತೂಲು ಕೊಟ್ಟು, "ಹಿಡಿದು ನೋಡಿ" ಎಂದರು. ಹಿಡಿದೆ. ಅಷ್ಟರಲ್ಲಿ ಉಡುಪಿಯಿಂದ ಅಮ್ಮನ ವೀಡಿಯೊ ಕಾಲ್. ಫೋನನ್ನು ಕೌಂಟರಿನ ಮೇಲೆ ಒರಗಿಸಿಟ್ಟೆ.

"ಎಂತ ಮಾರಾಯ್ತಿ ಅದು, ಎಡಗೈಯಲ್ಲಿ?"

"ಪಿಸ್ತೂಲ್ ಅಮ್ಮ, ಕಾಂಪಿಟಿಶನ್‌ದು."

"ಅದು ಕಾಣ್ತದೆ. ಎಡಗೈಯಲ್ಲಿ ಎಂತಕ್ಕೆ ಹಿಡ್ಕೊಂಡದ್ದು ಅಂತ ಕೇಳಿದ್ದು ನಾನು!"

"ತಾಯಿಗೆ ಗಾಬರಿಯಾಯಿತೇ?" ಎಂದು ಅಜ್ಜ ಕೇಳಿದರು.

"ಪಿಸ್ತೂಲಿಗಲ್ಲ, ಎಡಗೈಗೆ" ಎಂದೆ.

ಅವರು ನಗಲೂ ಇಲ್ಲ. ಡ್ರಾಯರಿನಿಂದ, ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಸಣ್ಣ ಲಿವರ್ ಇರುವ ಜೋಡಿ ತೆಗೆದಿಟ್ಟರು. "ಎಡ ಹೆಬ್ಬೆರಳಿಗೆ ಅಗಲದ್ದು, ಅದು ನಿಮಗೆ. ಬಲ ಹೆಬ್ಬೆರಳಿಗೆ ಸಣ್ಣದು, ಅದು ನಿಮ್ಮ ತಾಯಿಗೆ."

ಬಾಲ್ಯವಿಡೀ ಕೈಗೆ ಪೆಟ್ಟು ತಿಂದರೂ ಮುಗಿಯದ ವ್ಯಾಜ್ಯವನ್ನು ಈ ಜರ್ಮನ್ ಅಜ್ಜ ಎರಡೇ ನಿಮಿಷದಲ್ಲಿ ಇತ್ಯರ್ಥ ಮಾಡಿದರು. ಪೊಟ್ಟಣವನ್ನು ಮಾತ್ರ ನಾನು ಬಲಗೈಯಲ್ಲೇ ತೆಗೆದುಕೊಂಡೆ.

ಕಾಲ್ ಇನ್ನೂ ಕಟ್ ಆಗಿರಲಿಲ್ಲ.