ಆರಾಮ ಅದೀನ್ರಿ

ಕೋವಿಡ್ ವಾರ್ಡು ಮುಚ್ಚಿದ ಮರುವರ್ಷದ ಮಾತು. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ರೋಗಿಯ ಸ್ಥಿತಿ ಕೈಮೀರುವ ಮುನ್ನವೇ ಅಪಾಯ ಗುರುತಿಸುವ ಬಗ್ಗೆ ಹೊಸ ಸಂಶೋಧನೆಗಳು ಬರುತ್ತಿದ್ದವು. ನಾಡಿ, ಬಿಪಿ, ಉಸಿರಾಟ ನೋಡುವುದರ ಜೊತೆಗೆ ‘ನಿಮಗೇನಾದರೂ ಆತಂಕ ಇದೆಯೇ’ ಎಂದು ರೋಗಿಯನ್ನೂ ಮನೆಯವರನ್ನೂ ಕೇಳಬೇಕು ಎನ್ನುವುದು ಅವುಗಳಲ್ಲೊಂದು. ನಮ್ಮಲ್ಲೂ ಜಾರಿಗೆ ಬಂತು. ಆದರೆ ಆ ಪ್ರಶ್ನೆ ನಮ್ಮ ನರ್ಸ್ ಹುಡುಗಿಯರ ಬಾಯಲ್ಲಿ ಬಹುಬೇಗ ‘ಆರಾಮ ಅದೀರಿ?’ ಎಂದಾಯಿತು. ನಮ್ಮ ಸೀಮೆಯಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಜೀವ ಗಂಟಲಿಗೆ ಬಂದಿದ್ದರೂ ಮರ್ಯಾದಸ್ಥರು ‘ಆರಾಮ ಅದೀನ್ರಿ’ ಅಂತಲೇ ಅನ್ನುತ್ತಾರೆ.

ಕಂಪ್ಲಿಯ ರೈಸ್ ಮಿಲ್ ಮಾಲೀಕರಾದ ವೀರಣ್ಣ ಅಂಥ ಮರ್ಯಾದಸ್ಥರು. ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿತ್ತು. ಯಾರು ಹಾಸಿಗೆಯ ಬಳಿ ಹೋದರೂ “ಬರ್ರಿ ಸಿಸ್ಟರ್, ಕುಂದ್ರಿ, ಊಟ ಆತೇನ್ರಿ?” ಎಂದು ಅವರೇ ವಿಚಾರಿಸುತ್ತಿದ್ದರು. ಮನೆಗೆ ಕಳಿಸುವ ದಿನ ಕಾರೂ ಗೇಟಿಗೆ ಬಂದಿತ್ತು. ಜ್ವರ ಇಳಿದಿತ್ತು. ಬಿಪಿ ಕೊಂಚ ಕಡಿಮೆ, ನಾಡಿ ಕೊಂಚ ಜೋರು. ಎರಡೂ ಗಾಬರಿ ಹುಟ್ಟಿಸುವಷ್ಟಿರಲಿಲ್ಲ.

“ಆರಾಮ ಅದಾರ್ರಿ ಮೇಡಂ” ಎಂದಳು ಸ್ಟಾಫ್ ನರ್ಸ್ ರೇಣುಕಾ.

ವೀರಣ್ಣನವರ ಹೆಂಡತಿ ಶಾಂತಮ್ಮ ಬ್ಯಾಗು ತುಂಬುತ್ತಿದ್ದರು. “ಮೈ ತಣ್ಣಗಾಗೇತ್ರಿ, ದೇವರು ದೊಡ್ಡಾಂವ” ಎಂದರು. ಆದರೆ ನನ್ನ ಮುಖ ನೋಡಲಿಲ್ಲ. ಒಂದೇ ಅಂಗಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದರು. ನನಗೇಕೋ ಅದು ಸರಿಕಾಣಲಿಲ್ಲ.

ಅವರನ್ನು ಕಾರಿಡಾರಿಗೆ ಕರೆದೆ. “ಆರಾಮ ಅನ್ನೋದು ಬ್ಯಾಡ್ರಿ. ನಿನ್ನಿಗೂ ಇವತ್ತಿಗೂ ಅವರು ಏನ್ ಬ್ಯಾರೆ ಅದಾರ, ಅದನ್ನ ಹೇಳ್ರಿ.”

ಶಾಂತಮ್ಮ ಸೆರಗಿನ ತುದಿ ತಿರುವಿದರು. “ಹೇಳಿದ್ರ ನಗ್ತೀರಿ. ಮುಂಜಾನಿ ನನ್ನ ‘ಅಕ್ಕಾ’ ಅಂತ ಕರದ್ರು. ಅವರಕ್ಕ ತೀರಿ ಭಾಳ ವರ್ಷ ಆಗೇತ್ರಿ.”

ನನಗೆ ನಗು ಬರಲಿಲ್ಲ, ಭಯವಾಯಿತು. ಒಳಗೆ ಓಡಿ ವೀರಣ್ಣನವರ ಬೆರಳ ತುದಿ ಒತ್ತಿ ಬಿಟ್ಟೆ. ಬಿಳಿಚಿದ ಉಗುರಿಗೆ ರಕ್ತ ಕ್ಷಣದಲ್ಲಿ ಮರಳಬೇಕು; ಇವರಿಗೆ ಬಹಳ ಹೊತ್ತು ಹಿಡಿಯಿತು. ಇದು ಸೆಪ್ಸಿಸ್ ಇರಬೇಕು ಅನ್ನಿಸಿತು. ಸೋಂಕನ್ನು ಎದುರಿಸಲು ಹೋಗಿ ದೇಹ ತನ್ನದೇ ಅಂಗಾಂಗಗಳನ್ನು ಕೆಡಿಸಿಕೊಳ್ಳುವ ಸ್ಥಿತಿಗೆ ಆ ಹೆಸರು. ಬುದ್ಧಿ ಮಂಕಾಗಬಹುದು, ಕೈಕಾಲು ತಣ್ಣಗಾಗಬಹುದು, ಆಮೇಲೆ ಬಿಪಿ ಕುಸಿಯುತ್ತದೆ. ಕಳಿಸಿಬಿಟ್ಟಿದ್ದರೆ ಅದು ಕುಸಿಯುತ್ತಿದ್ದುದು ಕಂಪ್ಲಿ ರಸ್ತೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ.

“ಆರಾಮ ಅದೀನ್ರಿ ಸಿಸ್ಟರ್” ಎಂದು ಅವರು ನಗುತ್ತಲೇ ಇದ್ದರು. ನಾಲಿಗೆ ತೊದಲುತ್ತಿತ್ತು.

ಸರ್ಜನ್ ಬಂದು ಡಿಸ್ಚಾರ್ಜ್ ನಿಲ್ಲಿಸಿದರು. ಸ್ಕ್ಯಾನ್ ಮಾಡಿಸಿದರೆ ಹೊಟ್ಟೆಯೊಳಗೆ ಕೀವು ಕೂತಿತ್ತು. ಮತ್ತೆ ಆಪರೇಷನ್, ಆಮೇಲೆ ಐಸಿಯು. ಉಳಿಯುತ್ತಾರೆಂದು ಯಾರೂ ಧೈರ್ಯ ಹೇಳಲಿಲ್ಲ. ಶಾಂತಮ್ಮ ಅದೇ ಅಂಗಿ ಹಿಡಿದುಕೊಂಡು ಬಾಗಿಲ ಹೊರಗೆ ಕೂತಿದ್ದರು.

ಅಂದಿನಿಂದ ವಾರ್ಡಿನಲ್ಲಿ ‘ಆರಾಮ’ ಎಂಬ ಮಾತನ್ನೇ ನಿಲ್ಲಿಸಿ, ‘ನಿನ್ನಿಗೂ ಇವತ್ತಿಗೂ ಏನ್ ಬ್ಯಾರೆ ಅದಾರ’ ಎಂದು ಮನೆಯವರನ್ನು ಕೇಳಲು ಹೇಳಿದೆ. ಎಷ್ಟೇ ಒಳ್ಳೆಯ ಸಂಶೋಧನೆಯಾದರೂ ಊರಿನ ಮಾತಿನ ಮರ್ಮ ತಿಳಿಯದೆ ರೋಗಿಯ ಹಾಸಿಗೆಯವರೆಗೆ ತಲುಪುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಅದಕ್ಕೂ ಮುಂಚೆ ಎಷ್ಟು ಜನ ಆ ಮಾತು ಹೇಳಿಯೇ ನಮ್ಮ ಗೇಟು ದಾಟಿದ್ದರೋ ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ವೀರಣ್ಣ ಬದುಕಿದರು. ಮುಂದೊಂದು ದಿನ ತಪಾಸಣೆಗೆ ಬಂದಾಗ, ಹಾಳು ರೂಢಿ, ನಾನೇ ಕೇಳಿಬಿಟ್ಟೆ: “ಆರಾಮ ಅದೀರಿ?”

ಉತ್ತರ ಕೊಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಹೆಂಡತಿಯ ಕಡೆ ಕೈ ತೋರಿಸಿದರು.

“ಆಕೀನ್ನ ಕೇಳ್ರಿ.”