ಹುಳುಮನೆಯ ಹೊಸ್ತಿಲು

ಡಿಗ್ರಿ ಓದು ಈ ಹುಡುಗಿಯಿಂದ ಆಗದು ಎಂದವರು ನಮ್ಮೂರ ಸೊಪ್ಪಿನ ತೋಟದ ಯಜಮಾನರು. ನಮ್ಮಮ್ಮ ಅವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಆಳು. ನಾನು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಪದವಿಗೆ ಸೇರಿದ್ದು ತಿಳಿದ ದಿನ ಅವರು ಅಮ್ಮನಿಗೆ, "ಏಮಮ್ಮಾ, ಸೊಪ್ಪು ಹೊರೋಕೆ ಡಿಗ್ರಿ ಯಾಕೆ? ಹುಳ ಸಾಕೋ ಓದು ನಿಮ್ಮೋರಿಗೆ ಹತ್ತಲ್ಲ. ನಾಕ್ ತಿಂಗಳಿಗೆ ವಾಪಸ್ ಬರ್ತಾಳೆ ನೋಡು," ಎಂದರು.

ನಾವು ದಲಿತರು. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಕೋಣೆಗೆ ಹುಳುಮನೆ ಎನ್ನುತ್ತೇವೆ. ನಮ್ಮವರು ಅದರೊಳಗೆ ಕಾಲಿಟ್ಟರೆ ಹುಳುವಿಗೆ ರೋಗ ಬರುತ್ತದೆ ಎಂಬುದು ಊರಿನ ನಂಬಿಕೆ. ಅಮ್ಮ ಸೊಪ್ಪಿನ ಮೂಟೆ ತಂದು ಹೊಸ್ತಿಲ ಹೊರಗೇ ಇಳಿಸುತ್ತಿದ್ದಳು, ಒಳಗಿನವರು ಎಳೆದುಕೊಳ್ಳುತ್ತಿದ್ದರು. ಅವಳು ಕೈಯಾರೆ ಕಿತ್ತ ಎಲೆಯನ್ನು ತಿಂದೇ ಆ ಹುಳುಗಳು ಬೆಳೆಯುತ್ತಿದ್ದವು. ಅದರಿಂದ ಅವಕ್ಕೇನೂ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಸೊಪ್ಪು ಹೊತ್ತರೂ ಹುಳು ಗೂಡು ಕಟ್ಟುವುದನ್ನು ಅಮ್ಮ ಒಮ್ಮೆಯೂ ಕಂಡಿರಲಿಲ್ಲ.

ಸುಳ್ಳೇಕೆ ಹೇಳಲಿ, ಆ ನಂಬಿಕೆ ನನ್ನೊಳಗೂ ಇತ್ತು. ಕಾಲೇಜಿನ ಮೊದಲ ಪ್ರಾಕ್ಟಿಕಲ್ಲಿಗೆ ಹೋದವಳು ಅಲ್ಲಿನ ಹುಳುಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಅಲ್ಲಿ ಬ್ಲೀಚಿಂಗ್ ನೀರಿನ ತಟ್ಟೆಯೊಂದಿತ್ತು. ಮೇಡಂ ಮೊದಲು ತಮ್ಮ ಕಾಲು ಅದ್ದಿ, "ರೋಗ ಬರೋದು ಮಣ್ಣುಗಾಲಲ್ಲಿ. ಯಾರ ಕಾಲಾದ್ರೂ ಸರಿ. ಅದ್ದು, ಬಾ," ಎಂದರು. ಅದ್ದಿದೆ, ಹೋದೆ. ಹುಳು ಸಾಯಲಿಲ್ಲ. ಆ ಸಲ ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿ ಗೂಡು ನನ್ನವೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊನೆಯ ವರ್ಷ ರೈತರ ಹುಳುಮನೆ ನೋಡಿ ವರದಿ ಬರೆಯಬೇಕಿತ್ತು. ರೈತರ ರುಜು ಬಿದ್ದ ವರದಿ ಇಲ್ಲದೆ ಪದವಿ ಇಲ್ಲ. ನನ್ನನ್ನು ಹಾಕಿದ್ದು ನಮ್ಮೂರಿಗೇ, ಅದೇ ಯಜಮಾನರಲ್ಲಿಗೆ. ಅವರ ಹುಳುಗಳು ಆಗ ರೋಗ ಹಿಡಿದು ಸಾಯುತ್ತಿದ್ದವು.

"ನಿಮ್ಮಮ್ಮ ಹೊಸ್ತಿಲು ದಾಟಿರ್ಬೇಕು ಕಣಮ್ಮ," ಎಂದರು.

ನಾನು ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿ ಕಲಸಿ ಹೊಸ್ತಿಲಲ್ಲಿಟ್ಟೆ. ತೋಟದಿಂದ ಮಣ್ಣುಗಾಲಲ್ಲೇ ಬಂದಿದ್ದ ಅವರು ಅದನ್ನು ದಾಟಿಕೊಂಡು ಒಳಗೆ ಹೊರಟರು.

"ಕಾಲು ಅದ್ದಿ ಹೋಗಿ, ಯಜಮಾನ್ರೇ."

"ನನ್ ಹುಳುಮನೆಗೆ ನಾನೇ ಕಾಲು ತೊಳೀಬೇಕಾ?"

"ನಾನೂ ತೊಳೀತೀನಿ. ಇಲ್ಲಾಂದ್ರೆ ಉಳಿದಿರೋವೂ ಹೋಗ್ತವೆ."

ಅವರು ಸತ್ತ ಹುಳುಗಳ ರಾಶಿ ನೋಡಿದರು. ಆಮೇಲೆ ಪಂಚೆ ಎತ್ತಿ ಕಾಲು ಅದ್ದಿದರು. ಅವರ ಹಿಂದೆ ನಾನು. ನನ್ನ ಹಿಂದೆ, ಯಾರೂ ಕರೆಯದೆಯೇ, ಮೂಟೆ ಹೊತ್ತ ಅಮ್ಮ. ಯಜಮಾನರು ಒಮ್ಮೆ ತಿರುಗಿ ನೋಡಿ, ಹುಳುಗಳ ಕಡೆಗೆ ನಡೆದರು.

ಅರ್ಧ ಬೆಳೆ ಉಳಿಯಿತು. ಯಜಮಾನರು ನನ್ನ ಮುಖ ನೋಡದೆ ವರದಿಗೆ ರುಜು ಹಾಕಿದರು. ರುಜು ಸಾಕಿತ್ತು.

ಪದವಿ ಕೊಡುವ ದಿನ ಅಮ್ಮ ಸಭಾಂಗಣದ ಬಾಗಿಲಲ್ಲಿ ನಿಂತು ನೆಲ ನೋಡಿದಳು. "ಇಲ್ಲಿ ತಟ್ಟೆ ಇಟ್ಟಿಲ್ವೇನೇ?"

"ಇಲ್ಲ ಕಣಮ್ಮ, ಬಾ."

ವೇದಿಕೆಯಿಂದ ಇಳಿದವಳೇ ಪ್ರಮಾಣಪತ್ರವನ್ನು ಅವಳ ಕೈಗಿಟ್ಟೆ. ಸೊಪ್ಪಿನ ಕಲೆ ಹೋಗದ ಬೆರಳಿಂದ ಅದರ ಅಂಚು ಸವರಿ, ಮಡಿಲಲ್ಲಿಟ್ಟುಕೊಂಡು ಅಂದಳು:

"ಆ ಯಜಮಾನಪ್ಪನೂ ಇದನ್ನ ನೋಡ್ಲಿ ಕಣೇ. ನಮ್ಮನೆಗೇ ಬರ್ಲಿ. ಕಾಲು ತೊಳ್ಕಂಡು ಬರೋಕೆ ಹೇಳು."